ಚಿಪ್ಪಣ್ಣ ಮತ್ತೆ ಬಂದಾಗ

ಸಿನಿಮಾ ಮಂದಿರದಲ್ಲಿ ನನಗೊಂದು ಕೆಟ್ಟ ಚಾಳಿ ಇದೆ. ಪರದೆ ನೋಡುವುದು ಬಿಟ್ಟು ಜನರ ಮುಖ ನೋಡುತ್ತ ಕೂರುತ್ತೇನೆ. ಪಕ್ಕದವರು ನಗುವಾಗ ಅವರ ಹಲ್ಲು, ಅಳುವಾಗ ಅವರ ಗಲ್ಲ, ಹೆದರಿದಾಗ ಕುರ್ಚಿಯನ್ನು ಹಿಡಿದುಕೊಂಡ ಅವರ ಬೆರಳು. ಮದುವೆಯಾದ ಹೊಸದರಲ್ಲೇ ನಮ್ಮ ಯಜಮಾನರಿಗೆ ಇದು ಗೊತ್ತಾಗಿಬಿಟ್ಟಿತು. "ಏನ್ ಮಾರಾಯ್ತಿ, ಹೀರೋ ಅಲ್ಲಿದಾನೆ, ನೀನು ನನ್ನ ಕಿವಿ ನೋಡ್ತಾ ಕೂತಿದೀಯಲ್ಲ" ಎಂದಿದ್ದರು. ಪ್ರೀತಿಯಿಂದ ನೋಡುತ್ತಿದ್ದೇನೆಂದು ಅವರು ಕೆಲವು ವರ್ಷ ನಂಬಿಕೊಂಡಿದ್ದರು. ಆ ನಂಬಿಕೆ ಕೆಡಿಸುವುದೇಕೆಂದು ನಾನೂ ಸುಮ್ಮನಿದ್ದೆ.

ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಲೆಕ್ಕದವರ ಹತ್ತಿರ ಮಕ್ಕಳು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಆ ಭಾಗ್ಯವೆಲ್ಲ ಕನ್ನಡ ಟೀಚರಿಗೆ. ಆದರೆ ಈಚೆಗೆ ಒಂದು ಸೋಮವಾರ ಒಂಬತ್ತನೇ ತರಗತಿಗೆ ಹೋದರೆ ಹುಡುಗಿಯರ ಬೆಂಚುಗಳಲ್ಲಿ ಜೋರು ಜಗಳ ನಡೆದಿತ್ತು. ವಿಚಾರಿಸಿದೆ. ದೈತ್ಯ ಪ್ರಾಣಿಯ ಸಿನಿಮಾ ಬಂದಿದೆಯಂತೆ, ಆ ಸರಣಿಯ ಹೊಸದು. ಗುಡ್ಡದಷ್ಟು ಎತ್ತರದ, ಮೈತುಂಬ ಚಿಪ್ಪಿರುವ ಪ್ರಾಣಿಯೊಂದು ನೆಲದೊಳಗಿಂದ ಎದ್ದು ಬಂದು ಪರದೇಶದ ಯಾವುದೋ ಪಟ್ಟಣವನ್ನು ತುಳಿದುಹಾಕುತ್ತದಲ್ಲ, ಅದು. ನಾನು ಚಿಕ್ಕವಳಿದ್ದಾಗ ಅದರ ಮೊದಲನೆಯದು ಬಂದಿತ್ತು. ಆಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತಲೇ ಇದೆ.

"ಮಿಸ್, ಫಸ್ಟ್ ಹಾಫ್ ಪೂರ್ತಿ ಬರೀ ಮನುಷ್ಯರೇ ಮಾತಾಡ್ತಾರೆ. ಸಖತ್ ಬೋರು" ಎಂದಳು ಒಬ್ಬಳು.

"ಅದು ಬರೋದೇ ಇಂಟರ್‌ವಲ್ ಹೊತ್ತಿಗೆ ಮಿಸ್. ನಾವು ಹೋಗೋದು ಅದನ್ನ ನೋಡಕ್ಕೆ ತಾನೆ? ಈ ಜನಗಳ ಕಥೆ ಯಾರಿಗೆ ಬೇಕು?" ಎಂದಳು ಇನ್ನೊಬ್ಬಳು.

ಮೂಲೆಯ ಬೆಂಚಿನವಳು ಮೆಲ್ಲಗೆ, "ನಂಗೆ ಕೊನೇಲಿ ಅಳು ಬಂತು" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕುಬಿಟ್ಟಳು, ಅಳು ಬಂದಿದ್ದು ಸುಳ್ಳೇನೋ ಎಂಬಂತೆ. ನಾನು ಹಲಗೆಗೆ ತಿರುಗಿ ತ್ರಿಭುಜ ಬರೆದೆ. ಮೂರು ಗೆರೆಯೂ ಒಂದಕ್ಕೊಂದು ಕೂಡಲಿಲ್ಲ.

ದೊಡ್ಡದನ್ನು ನೋಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಹಿಂದೊಮ್ಮೆ ಇದೇ ಶಾಲೆಯ ಮಕ್ಕಳನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಸಿಂಹ ಮಲಗಿತ್ತು. ವ್ಯಾನಿನೊಳಗಿಂದ ಮಕ್ಕಳು ಅದನ್ನು ಬಾಯಿಗೆ ಬಂದಂತೆ ಬೈದರು: ಸೋಮಾರಿ, ಬೆಕ್ಕು, ಇನ್ನೂ ಏನೇನೋ. ಅಷ್ಟರಲ್ಲಿ ಅದು ತಲೆಯೆತ್ತಿ ಒಂದು ಸಲ ಆಕಳಿಸಿತು, ಅಷ್ಟೇ. ವ್ಯಾನಿನಲ್ಲಿ ಉಸಿರೂ ಕೇಳಿಸದಂತಾಯಿತು. ಸುಳ್ಳು ಹೆದರಿಕೆಗೆ ಕಿರುಚುತ್ತೇವೆ, ನಿಜದ ಹೆದರಿಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇವೆ. ಅವತ್ತು ವ್ಯಾನಿನಲ್ಲಿ ಕೂತು ಹೀಗೆ ಅನ್ನಿಸಿತ್ತು. ಆದರೆ ಇದು ನನಗೆ ಮೊದಲ ಸಲ ಗೊತ್ತಾದದ್ದು ತ್ಯಾವರೆಕೊಪ್ಪದಲ್ಲಿ ಅಲ್ಲ, ಭದ್ರಾವತಿಯ ಒಂದು ಟಾಕೀಸಿನಲ್ಲಿ.

ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ, ಕೆಲಸಗಾರರ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಸಾಲುಮನೆಗಳಲ್ಲಿ ನಮ್ಮದು ಏಳನೆಯದು. ಎಂಟನೆಯದು ನನ್ನ ಗೆಳತಿ ಸೆಲ್ವಿಯದು. ಅವಳಪ್ಪ ಆರ್ಮುಗಂ ಮಾಮ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದರು. ಅವಳಮ್ಮ ಕನಕಕ್ಕ ನಮ್ಮ ಸಾಲಿಗೇ ದೊಡ್ಡ ಬಾಯಿ. ಆ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲುತ್ತಿದ್ದವು. ಜಗಳವಾದರೆ ಅವರವರ ಭಾಷೆಯಲ್ಲಿ ಬೈಯುತ್ತಿದ್ದರು, ರಾಜಿಯಾಗುವುದು ಮಾತ್ರ ಕನ್ನಡದಲ್ಲಿ.

ಮ್ಯಾಟಿನಿ ಎಂದರೆ ಆಗ ಹೆಂಗಸರ ಆಟ. ಗಂಡಸರು ಎರಡು ಗಂಟೆಯ ಪಾಳಿಗೆ ಹೋದ ಮೇಲೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಟಾಕೀಸಿಗೆ ಹೊರಡುತ್ತಿದ್ದರು. ಯಾವ ಭಾಷೆಯ ಚಿತ್ರವಾದರೂ ಒಂದಿಬ್ಬರಿಗೆ ಮುನಿಸು ಇದ್ದದ್ದೇ. ಹೀಗಿರುವಾಗ ಈ ದೈತ್ಯ ಪ್ರಾಣಿಯ ಇಂಗ್ಲಿಷ್ ಚಿತ್ರ ಬಂತು. ಕುಂಸಿಯಿಂದ ಬಂದಿದ್ದ ನಮ್ಮಜ್ಜಿ ಗೋಡೆಯ ಮೇಲಿನ ಪೋಸ್ಟರ್ ನೋಡಿ, "ಇದು ಚಿಪ್ಪುಹಂದಿ ಅಲ್ವೇನೇ? ಪಾಪದ್ದು, ಗೆದ್ದಲು ತಿಂದ್ಕೊಂಡಿರುತ್ತೆ. ಇದಕ್ಯಾಕೆ ಬಂದೂಕು ಹಿಡ್ದಿದಾರೆ?" ಎಂದರು. ಅಲ್ಲಿಂದ ಅದರ ಹೆಸರು ನಮ್ಮ ಸಾಲಿನಲ್ಲಿ ಚಿಪ್ಪಣ್ಣ ಎಂದಾಯಿತು.

ಅದೊಂದು ಶನಿವಾರ. ಶಾಲೆ ಬೆಳಿಗ್ಗೆಯೇ ಮುಗಿದಿತ್ತು. ನನಗೂ ಸೆಲ್ವಿಗೂ ಹತ್ತು ವರ್ಷ. ಸಾಲಿನ ಹೆಂಗಸರೆಲ್ಲ ಬಂದಿದ್ದರಿಂದ ಟಾಕೀಸು ತುಂಬಿತ್ತು. ಪರದೆಯ ಮೇಲೆ ಆಡುವ ಮಾತು ಒಬ್ಬರಿಗೂ ತಿಳಿಯಲಿಲ್ಲ. ಅದೇ ಒಂದು ಸುಖವಾಯಿತು, ಎಲ್ಲರೂ ಸಮ. ಕನಕಕ್ಕ ತಾನೇ ಮಾತು ಹಾಕತೊಡಗಿದಳು. ಸೇನಾಧಿಕಾರಿ ಮೇಜು ಕುಟ್ಟಿದರೆ, "ನೀರು ಬಂದು ಮೂರು ದಿನ ಆಯ್ತು, ಯಾರ್ರೀ ಕೇಳೋರು?" ಎಂದಳು. ಚಿಪ್ಪಣ್ಣ ಸೇತುವೆಯನ್ನು ಎತ್ತಿ ಕಡಿದಾಗ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ" ಎಂದಳು. ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ಅದು ಘರ್ಜಿಸಿದಾಗ ನಾವು ಮಕ್ಕಳು ಕಿರುಚಿದೆವು, ಕಿರುಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ನಕ್ಕೆವು.

ಇಂಟರ್‌ವಲ್ ಮುಗಿದು ಸ್ವಲ್ಪ ಹೊತ್ತಾಗಿರಬೇಕು. ಹೊರಗಿನಿಂದ ಕಾರ್ಖಾನೆಯ ಸೈರನ್ ಕೇಳಿಸಿತು.

ಆ ಊರಿನಲ್ಲಿ ಗಡಿಯಾರದ ಅಗತ್ಯವಿರಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಸೈರನ್ ಕೂಗುತ್ತಿತ್ತು. ಇದು ಆ ಹೊತ್ತಲ್ಲ. ಅಷ್ಟೇ ಅಲ್ಲ, ಒಂದು ಸಲ ಕೂಗಿ ನಿಲ್ಲಲಿಲ್ಲ. ನಿಂತು ಮತ್ತೆ ಕೂಗಿತು, ನಿಂತು ಮತ್ತೆ. ಪರದೆಯ ಮೇಲೆ ಚಿಪ್ಪಣ್ಣ ಯಾವುದೋ ಗೋಪುರ ಬೀಳಿಸುತ್ತಿದ್ದ. ಒಬ್ಬರೂ ಕಿರುಚಲಿಲ್ಲ. ನಾನು ಅಮ್ಮನ ಕಡೆ ತಿರುಗಿದೆ. ಪರದೆಯ ಬೆಳಕು ಅಮ್ಮನ ಮುಖದ ಮೇಲೆ ಬಿಳಿ, ಕೆಂಪು, ಮತ್ತೆ ಬಿಳಿಯಾಗಿ ಹೊಯ್ದಾಡುತ್ತಿತ್ತು. ಮುಖ ಮಾತ್ರ ಅಲುಗಲಿಲ್ಲ. ಅಮ್ಮನ ಆಚೆ ಕನಕಕ್ಕ. ಅವಳ ಬಾಯಿ ಅರ್ಧ ತೆರೆದಿತ್ತು, ಹೇಳಲು ಹೊರಟಿದ್ದ ಹಾಸ್ಯ ಅಲ್ಲೇ ನಿಂತಿತ್ತು. ಅವಳಾಚೆ ಇನ್ನೊಂದು ಮುಖ, ಇನ್ನೊಂದು. ಎಲ್ಲವೂ ಒಂದೇ ತರಹ. ಮುಖ ನೋಡುವ ನನ್ನ ಚಾಳಿ ಶುರುವಾದದ್ದು ಆಗಲೇ ಇರಬೇಕು.

ಆಮೇಲೆ ಎಲ್ಲರೂ ಎದ್ದರು. ಕುರ್ಚಿಗಳು ಸಾಲುಸಾಲಾಗಿ ದಡದಡ ಮಡಚಿಕೊಂಡವು. ಕನಕಕ್ಕ ಸೆಲ್ವಿಯ ಕೈಹಿಡಿದು ಓಡಿದಳು. ಅಮ್ಮ ನನ್ನ ತೋಳು ಹಿಡಿದಳು. "ಏಳು, ಗಿರಿಜಾ."

"ಇನ್ನೊಂದ್ ಸ್ವಲ್ಪ ಅಮ್ಮಾ, ಕೊನೇದು" ಎಂದೆ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಮ್ಮ ಎರಡು ಸಲ ಎಳೆದಳು. ಸೈರನ್ ಮತ್ತೊಮ್ಮೆ ಕೂಗಿತು. ಅಮ್ಮ ಕೈ ಬಿಟ್ಟಳು. "ಇಲ್ಲೇ ಇರು. ಏಳಬೇಡ. ನಾನು ಬರ್ತೀನಿ" ಎಂದು ಬಾಗಿಲಲ್ಲಿದ್ದ ಗೇಟ್‌ಕೀಪರಿಗೆ ಏನೋ ಹೇಳಿ ಓಡಿಹೋದಳು.

ಅಷ್ಟು ದೊಡ್ಡ ಟಾಕೀಸಿನಲ್ಲಿ ಉಳಿದವರು ನಾನೂ ಸೇರಿ ಐದು ಮಕ್ಕಳು. ಚಿತ್ರ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲವೇನೋ. ಕೊನೆಗೆ ಚಿಪ್ಪಣ್ಣನ ಮೇಲೆ ಬೆಂಕಿ ಸುರಿದರು. ಅವನು ಮೊಣಕಾಲೂರಿ ನದಿಯೊಳಗೆ ಬಿದ್ದ. ಅವನ ಒಂದು ಕಣ್ಣು ಪರದೆಯ ತುಂಬ ಬಂದು ನಿಧಾನಕ್ಕೆ ಮುಚ್ಚಿತು. ನಾವು ಐವರೂ ಚಪ್ಪಾಳೆ ಹೊಡೆದೆವು. ಖಾಲಿ ಕುರ್ಚಿಗಳ ನಡುವೆ ಆ ಚಪ್ಪಾಳೆ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ನಾನು ಇನ್ನೂ ಜೋರಾಗಿ ಹೊಡೆದೆ.

ಅಮ್ಮ ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಅಪ್ಪನಿಗೆ ಏನೂ ಆಗಿರಲಿಲ್ಲ. ಕುಲುಮೆಯ ಹತ್ತಿರ ಕಾದ ಲೋಹ ಸಿಡಿದಿತ್ತು. ಸುಟ್ಟುಕೊಂಡವರಲ್ಲಿ ಆರ್ಮುಗಂ ಮಾಮ ಒಬ್ಬರು.

ಕನಕಕ್ಕ ಆಸ್ಪತ್ರೆಯಲ್ಲೇ ಉಳಿದಳು, ಸೆಲ್ವಿಯನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಸೋಮವಾರ ಬೆಳಿಗ್ಗೆ ಅಮ್ಮ ಅವಳಿಗೆ ಎರಡು ಜಡೆ ಹಾಕಿ, ತಿಂಡಿಯ ಡಬ್ಬಿ ತುಂಬಲು ಒಳಗೆ ಹೋದಳು. ನಾವಿಬ್ಬರು ಮೆಟ್ಟಿಲ ಮೇಲೆ ಕೂತಿದ್ದೆವು. ಎರಡು ದಿನದಿಂದ ಸರಿಯಾಗಿ ಮಾತಾಡದಿದ್ದ ಸೆಲ್ವಿ ಇದ್ದಕ್ಕಿದ್ದಂತೆ ಕೇಳಿದಳು. "ಆಮೇಲೆ ಏನಾಯ್ತು ಗಿರಿ, ಚಿಪ್ಪಣ್ಣಂಗೆ?"

ಬಾಯಿಗೆ ಬಂದದ್ದನ್ನು ಹೇಳಲಾಗಲಿಲ್ಲ. ಬೆಂಕಿ ಎನ್ನುವ ಮಾತನ್ನು ನುಂಗಿಕೊಂಡೆ. "ಏನೂ ಆಗ್ಲಿಲ್ಲ" ಎಂದೆ. "ಎಲ್ಲಾರೂ ಸೇರಿ ಹೊಡುದ್ರು, ಆದ್ರೆ ಅವನ ಚಿಪ್ಪಿಗೆ ಏನೂ ತಾಗ್ಲಿಲ್ಲ. ಆಮೇಲೆ ಸುಸ್ತಾಯ್ತು ಅಂತ ಮಣ್ಣು ತೋಡ್ಕೊಂಡು ಒಳಗೆ ಹೋಗಿ ಮಲ್ಕೊಂಡ." ಎದ್ದು ನಿಂತು, ಕೈಯಿಂದ ಮಣ್ಣು ತೋಡಿ, ತಲೆ ತಗ್ಗಿಸಿ ಒಳಗೆ ಹೋದಂತೆ ಮಾಡಿ ತೋರಿಸಿದೆ. ಸೆಲ್ವಿ ನನ್ನನ್ನೇ ನೋಡುತ್ತಿದ್ದಳು. "ಸಾಯ್ಲಿಲ್ವಾ?" ಎಂದಳು. "ಇಲ್ಲಪ್ಪ, ಚಿಪ್ಪಿದೆಯಲ್ಲ" ಎಂದೆ.

ಅವಳು ಡಬ್ಬಿ ಹಿಡಿದು ಅಮ್ಮನ ಜೊತೆ ಆಸ್ಪತ್ರೆಗೆ ಹೋದಳು. ಅವತ್ತು ಸಂಜೆ ಆರ್ಮುಗಂ ಮಾಮ ತೀರಿಕೊಂಡರು.

ಹತ್ತು ವರ್ಷದ ತಲೆಗೆ ಇದರ ಲೆಕ್ಕ ಒಂದೇ ರೀತಿ ಹತ್ತಿತು. ನಾನು ಸುಳ್ಳು ಹೇಳಿದೆ, ತನ್ನಪ್ಪನೂ ಉಳಿಯುತ್ತಾರೆಂದು ಸೆಲ್ವಿ ನಂಬಿದಳು, ನಂಬಿಸಿ ಮೋಸ ಮಾಡಿದೆ. ಮರುದಿನ ಅವರ ಮನೆಯ ಮುಂದೆ ಜನ ಸೇರಿದ್ದಾಗ ಸೆಲ್ವಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಆಮೇಲೆ ಅವಳು ನಲ್ಲಿಯ ಹತ್ತಿರ ಬಂದರೆ ನಾನು ಮನೆಯೊಳಗೆ. ಶಾಲೆಗೆ ಹೋಗಲೂ ಬೇರೆ ದಾರಿ ಹಿಡಿದೆ. ಅದೇ ವರ್ಷ ಅಪ್ಪ ಶಿವಮೊಗ್ಗದಲ್ಲಿ ಮನೆ ಮಾಡಿ, ತಾವು ಬಸ್ಸಿನಲ್ಲಿ ಓಡಾಡತೊಡಗಿದರು. ಸಾಮಾನು ತುಂಬಿದ ದಿನ ನಾನು ಸೆಲ್ವಿಗೆ ಬರ್ತೀನಿ ಎಂದು ಹೇಳಲಿಲ್ಲ. ಲಾರಿಯ ಮುಂದುಗಡೆ ಕೂತುಕೊಂಡು ಕಣ್ಣು ಮುಚ್ಚಿಕೊಂಡಿದ್ದೆ.

ಕೆಲವು ವರ್ಷದ ಮೇಲೆ ಚಿಪ್ಪಣ್ಣನ ಎರಡನೆಯ ಚಿತ್ರ ಬಂತು. ಬೆಂದು ನದಿಗೆ ಬಿದ್ದು ಸತ್ತಿದ್ದವನು ಹೇಗೆ ಬದುಕಿದ ಎಂದು ಚಿತ್ರದಲ್ಲಿ ಯಾರೂ ಹೇಳಲಿಲ್ಲವಂತೆ, ನೋಡಿದವರು ಕೇಳಲೂ ಇಲ್ಲವಂತೆ. ನಾನು ಹೋಗಲಿಲ್ಲ. ಮೂರನೆಯದಕ್ಕೂ ಹೋಗಲಿಲ್ಲ. ಪೋಸ್ಟರ್ ಕಂಡ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ನಡೆಯುತ್ತಿದ್ದೆ. ನಗಬೇಡಿ. ಮಕ್ಕಳಿಗೆ ದಿನವೂ "ತಪ್ಪಾದ ಕಡೆಗೇ ಹೋಗಿ ನೋಡಿ, ಅಲ್ಲಿಂದ ಸರಿ ಮಾಡ್ಕೊಳ್ಳಿ" ಎಂದು ಪಾಠ ಹೇಳುವವಳು ನಾನು.

ಸೆಲ್ವಿ ನರ್ಸ್ ಆಗಿ ಭದ್ರಾವತಿಯಲ್ಲೇ ಇದ್ದಾಳೆಂದು ಗೊತ್ತಿತ್ತು. ಹೋದ ವರ್ಷ ಶಿವಮೊಗ್ಗದ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಎದುರಾಬದುರು ಸಿಕ್ಕಿದಳು. ಪಾಯಸ ಬಡಿಸುವವನು ನಮ್ಮಿಬ್ಬರ ನಡುವೆ ನಿಂತಿದ್ದ. ಚೆನ್ನಾಗಿದೀಯಾ, ಚೆನ್ನಾಗಿದೀನಿ. ನಂಬರು ಕೊಟ್ಟುಕೊಂಡೆವು. ಅಂದಿನಿಂದ ದಿನವೂ ಬೆಳಿಗ್ಗೆ ಅವಳು ಒಂದು ಹೂವಿನ ಚಿತ್ರ ಕಳಿಸುವುದು, ನಾನು ಕೈಮುಗಿಯುವ ಗುರುತು ಕಳಿಸುವುದು. ಅದನ್ನು ಮೀರಿ ಒಂದು ಅಕ್ಷರ ಬರೆಯುವ ಧೈರ್ಯ ನನಗಾಗಲಿಲ್ಲ.

ತ್ರಿಭುಜ ಕೂಡದೆ ಹೋದ ಆ ವಾರವೇ ಹೂವಿನ ಬದಲು ಪೋಸ್ಟರ್ ಬಂತು. ಕೆಳಗೆ, "ಭಾನುವಾರ ಮಾರ್ನಿಂಗ್ ಶೋ. ನಾನೇ ಶಿವಮೊಗ್ಗಕ್ಕೆ ಬರ್ತೀನಿ. ನೀನು ಬರ್ತೀಯಾ?"

ಯಜಮಾನರು ನನ್ನ ಮುಖ ನೋಡಿ, "ಏನಾಯ್ತು, ಯಾರಾದ್ರೂ ಹೋಗ್ಬಿಟ್ರಾ?" ಎಂದರು. ಅವರಿಗೆ ಅವತ್ತು ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಹೋಗ್ಬಾ" ಎಂದರು.

ಈಗಿನ ಮಂದಿರ ನೀವು ಕಂಡಿದ್ದೇ. ಕುರ್ಚಿ ಹಿಂದಕ್ಕೆ ಒರಗುತ್ತದೆ, ಚಳಿಗೆ ಸೆರಗು ಹೊದೆಯಬೇಕು. ಸುತ್ತ ಕಾಲೇಜು ಹುಡುಗರು. ಹೆಸರು ಬೀಳುವಾಗಲೇ ಫೋನು ಎತ್ತಿ ಹಿಡಿದಿದ್ದರು. ಮನುಷ್ಯರು ಮಾತಾಡುವಷ್ಟು ಹೊತ್ತೂ ಅವರವರ ಮಡಿಲಲ್ಲಿ ನೀಲಿ ಬೆಳಕು. ಕೊನೆಗೆ ನೆಲ ಬಿರಿದು ಚಿಪ್ಪಣ್ಣನ ಬೆನ್ನು ಕಾಣಿಸಿದಾಗ ಇಡೀ ಮಂದಿರ ಹೋ ಎಂದಿತು. ಪಕ್ಕದಲ್ಲಿ ಎಂಥದೋ ಸದ್ದಾಯಿತೆಂದು ತಿರುಗಿದರೆ, ಸೆಲ್ವಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಿದ್ದಳು! ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿ, ನರೆಗೂದಲ ಹೆಂಗಸನ್ನು ಕಂಡು, "ಸೂಪರ್ ಆಂಟಿ" ಎಂದರು.

ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಚಿತ್ರದೊಳಗಿನ ಪಟ್ಟಣದಲ್ಲಿ ಸೈರನ್ ಕೂಗಿತು. ಮಂದಿರದ ನಾಲ್ಕೂ ಗೋಡೆಯಿಂದ ಬಂತು, ನಿಂತು ಮತ್ತೆ ಬಂತು. ಪರದೆಯ ಮೇಲೆ ಜನ ಓಡತೊಡಗಿದರು. ನನಗೆ ಪರದೆ ನೋಡಲಾಗಲಿಲ್ಲ. ಸೆಲ್ವಿಯನ್ನು ನೋಡಿದೆ. ಅವಳು ಪಾಪ್‌ಕಾರ್ನ್ ಕೈಯಲ್ಲಿ ಹಾಗೇ ಹಿಡಿದು ಎದುರಿಗೆ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಆದರೆ ಮುಖ ತಿರುಗಿಸಿರಲಿಲ್ಲ.

"ನನ್ನ ನೋಡ್ಬೇಡ ಗಿರಿ" ಎಂದಳು ಮೆಲ್ಲಗೆ. "ಅಲ್ಲಿ ನೋಡು."

ನೋಡಿದೆ. ಕೊನೆಯವರೆಗೂ ನೋಡಿದೆ. ಹೊರಗೆ ಬರುವಾಗ ಹುಡುಗರು ಆಗಲೇ ತೀರ್ಪು ಕೊಡುತ್ತಿದ್ದರು: ಒಂದ್ಸಲ ನೋಡ್ಬಹುದು ಮಗಾ, ಹಿಂದಿನದರಷ್ಟಿಲ್ಲ, ಮನುಷ್ಯರ ಕಥೆ ಜಾಸ್ತಿಯಾಯ್ತು.

ಭದ್ರಾವತಿ ಬಸ್ಸು ಹತ್ತಿಸಲು ಸೆಲ್ವಿಯ ಜೊತೆ ನಿಲ್ದಾಣಕ್ಕೆ ನಡೆದೆ. ಬಸ್ಸು ಬಂದಿರಲಿಲ್ಲ. ಬೆಂಚಿನ ಮೇಲೆ ಕೂತು, ಎಲ್ಲಿಯೂ ನೋಡದೆ ಹೇಳಿದೆ. "ಸೆಲ್ವಿ, ಅವತ್ತು ಮೆಟ್ಟಿಲ ಮೇಲೆ ನಾನು ಹೇಳಿದ್ದು ಸುಳ್ಳು. ಮೊದಲನೇದರಲ್ಲಿ ಚಿಪ್ಪಣ್ಣ ಸತ್ತ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನೀನು ಹೇಳ್ತಿದ್ದಾಗ್ಲೇ. ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ ಮಾರಾಯ್ತಿ, ದನಿ ದೊಡ್ಡದಾಗುತ್ತೆ." ಅವಳು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ನೇರವಾಗಿ ಕೂತಳು. "ಗೊತ್ತಿದ್ದೂ ಅದನ್ನೇ ಹೋಗಿ ಅಪ್ಪಂಗೆ ಹೇಳ್ದೆ. ಮುಖ ಬಿಟ್ರೆ ಎಲ್ಲಾ ಬಟ್ಟೆ ಸುತ್ತಿದ್ರು. ಮಣ್ಣು ತೋಡ್ಕೊಂಡು ಒಳಗೆ ಹೋಗಿ ಮಲ್ಕೊಂಡ ಅಂದೆ. ಅಪ್ಪ ಇನ್ನೊಂದ್ಸಲ ಹೇಳು ಅಂದ್ರು. ಹೇಳ್ದೆ. ನಿನ್ನ ಥರಾನೇ ಮಾಡಿ ತೋರಿಸ್ದೆ. ನಕ್ರು ಗಿರಿ, ನಾನೇ ನೋಡ್ದೆ. ಈಗ ನಾನು ದಿನಾ ಅಂಥವರನ್ನೇ ನೋಡ್ಕೋತೀನಲ್ಲ, ಅಷ್ಟು ನೋವಲ್ಲಿ ನಗೋದು ಎಷ್ಟು ಕಷ್ಟ ಅಂತ ಈಗ ಗೊತ್ತು."

ಇಷ್ಟು ವರ್ಷದ ಭಾರ ಇಳಿಯಿತೆಂದುಕೊಂಡೆ. ಸೆಲ್ವಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಆ ಸುಳ್ಳಿಗೆ ನಂಗೆ ಸಿಟ್ಟಿಲ್ಲ. ಆದ್ರೆ ಸಿಟ್ಟಿದೆ" ಎಂದಳು. "ಆಮೇಲೆ ನೀನು ಬರ್ಲೇ ಇಲ್ಲ. ಮನೆ ತುಂಬಾ ಅಳೋರು. ನನ್ ಜೊತೆ ಮಾತಾಡೋರು ಒಬ್ರೂ ಇರ್ಲಿಲ್ಲ. ಗಿರಿ ಬರ್ತಾಳೆ ಅಂತ ದಿನಾ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಪಕ್ಕದ ಮನೆ ಕಣೇ. ಆಮೇಲಾದ್ರೂ, ಅರ್ಧ ಗಂಟೆ ಬಸ್ಸು. ನಲವತ್ತು ವರ್ಷ ಬೇಕಾಯ್ತಾ?"

ಬೇಕಾಗಿರಲಿಲ್ಲ. ತಪ್ಪಲ್ಲದ್ದನ್ನು ತಪ್ಪೆಂದು ಎದೆಯಲ್ಲಿಟ್ಟುಕೊಂಡು, ನಿಜವಾದ ತಪ್ಪನ್ನು ದಿನದಿನವೂ ಮಾಡುತ್ತ ಬಂದಿದ್ದೆ. ತಪ್ಪಾಯ್ತು ಎಂದೆ. ಅವಳು ಹೂಂ ಎಂದಳು, ಇರಲಿ ಎನ್ನಲಿಲ್ಲ. ಬಸ್ಸು ಬಂದು ನಿಂತಿತು. ಅವಳು ಹತ್ತಿದಳು. ನಾನೂ ಹತ್ತಿದೆ.

ಸೆಲ್ವಿಯ ಮನೆ ಈಗ ಬೇರೆ ಬಡಾವಣೆಯಲ್ಲಿದೆ. ಹಜಾರದಲ್ಲಿ ಕನಕಕ್ಕ ಕಾಲು ಚಾಚಿಕೊಂಡು ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ. "ಯಾರ್ನ ಕರ್ಕೊಂಡ್ ಬಂದೆ? ಊಟದ ಹೊತ್ತು ಮೀರಿ ಬಂದು, ಮೇಲೆ ನೆಂಟ್ರು ಬೇರೆ!" ಎಂದಳು.

"ಟೈಮ್ ಆಫೀಸವ್ರ ಮಗಳು ಕಣಮ್ಮ" ಎಂದಳು ಸೆಲ್ವಿ.

ಕನಕಕ್ಕ ಕಾಯಿ ಬಿಟ್ಟು ನನ್ನನ್ನು ನೋಡಿದಳು. ಕೈಯಾಡಿಸಿ ಹತ್ತಿರ ಕರೆದು ಕೂರಿಸಿಕೊಂಡಳು. ಅಮ್ಮನನ್ನು ವಿಚಾರಿಸಿದಳು. ಅಮ್ಮ ಹೋಗಿ ಆರು ವರ್ಷವಾಯಿತೆಂದೆ.

"ಆಸ್ಪತ್ರೆಗೆ ಬಂದಾಗೆಲ್ಲಾ ನಿಮ್ಮಮ್ಮ ಅದನ್ನೇ ಹೇಳ್ಕೊಂಡು ಅಳೋಳು. ಮಗೂನ ಅಷ್ಟು ದೊಡ್ಡ ಟಾಕೀಸಲ್ಲಿ ಒಂಟಿ ಬಿಟ್ಟು ಓಡ್ಬಿಟ್ಟೆ ಅಂತ" ಎಂದಳು. ಆಮೇಲೆ ನನ್ನ ಮೊಣಕೈ ಹಿಡಿದು, ದನಿ ಇಳಿಸಿ ಕೇಳಿದಳು. "ತುಂಬಾ ಹೆದರ್ಕೊಂಡಿದ್ಯಾ ಮಗಾ, ಅವತ್ತು?"

ಗಂಡನನ್ನು ಕಳೆದುಕೊಂಡವಳು ಅವಳು. ನಾನು ಚಿತ್ರದ ಕೊನೆ ನೋಡಲು ಹಟ ಹಿಡಿದು ಕೂತವಳು. ಇಲ್ಲ ಎನ್ನಲು ಬಾಯಿ ತೆರೆದೆ. ಅಮ್ಮ ಎಳೆದಾಗ ಕುರ್ಚಿಯನ್ನು ಹಾಗೇಕೆ ಹಿಡಿದುಕೊಂಡಿದ್ದೆ, ಹೊರಗೆ ಏನು ಕಾದಿದೆಯೆಂದು ಅಮ್ಮನ ಮುಖದಲ್ಲಿ ಆಗಲೇ ನೋಡಿಬಿಟ್ಟಿದ್ದೆನೇ, ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಹೂಂ ಕನಕಕ್ಕ" ಎಂದೆ. "ತುಂಬಾ."

ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು, ನಾನು ಅಳುವುದು ಮುಗಿಯುವವರೆಗೂ ತೆಗೆಯಲಿಲ್ಲ. ಒಳಗೆ ಸೆಲ್ವಿ ಸಾರು ಬಿಸಿ ಮಾಡುತ್ತಿದ್ದಳು. ಆಮೇಲೆ ಮೂವರೂ ನೆಲದ ಮೇಲೆ ಕೂತು ಊಟ ಮಾಡಿದೆವು.